ಹಾರ್ಟ್ ಆಪರೇಷನ್ ಆದ ಮೇಲೆ ಮತ್ತೆ ಲೀಕ್: ಎದೆ ತೆರೆಯಲೇಬೇಕೇ?

‘ವಾಲ್ವ್ ಹಾಕಿಸಿದ ಮೇಲೆ ಲೀಕ್ ಆದರೆ ಮುಗಿಯಿತು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ‘ಈಗ ಆಪರೇಷನ್ನೇ ಬೇಡ, ತೊಡೆಯ ನರದಿಂದಲೇ ಎಲ್ಲ ಸರಿಮಾಡುತ್ತಾರೆ’ ಎಂಬ ಮಾತೂ ಇದೆ. ಎರಡೂ ಪೂರ್ತಿ ನಿಜವಲ್ಲ.

ಲೀಕ್ ಏಕೆ ಆಗುತ್ತದೆ?
ಕೃತಕ ವಾಲ್ವನ್ನು ಹೃದಯಕ್ಕೆ ಹೊಲಿದು ಕೂರಿಸುತ್ತಾರೆ. ಆ ಜಾಗದಲ್ಲಿ ಕ್ಯಾಲ್ಸಿಯಂ ಕಟ್ಟಿದ್ದರೆ ಅಥವಾ ಸೋಂಕು ತಗುಲಿದರೆ ಹೊಲಿಗೆ ಸಡಿಲಾಗಿ ಅಂಚಿನಲ್ಲಿ ಸಂದಿ ಬೀಳಬಹುದು. ಹುಟ್ಟಿನಿಂದ ಇದ್ದ ರಂಧ್ರಕ್ಕೆ ಪ್ಯಾಚ್ ಹಾಕಿದ ಮಕ್ಕಳಲ್ಲೂ ಪ್ಯಾಚಿನ ಅಂಚಿನಲ್ಲಿ ತೂತು ಉಳಿಯುವುದುಂಟು. ಚಿಕ್ಕದಾದರೆ ಸಾಮಾನ್ಯವಾಗಿ ಆಗಾಗ ತಪಾಸಣೆ ಸಾಕು. ದೊಡ್ಡದಾದರೆ ದಮ್ಮು, ಕಾಲು ಬಾವು ಬರುತ್ತದೆ. ಸಂದಿಯಲ್ಲಿ ನುಗ್ಗುವ ರಕ್ತದ ಕೆಂಪು ಕಣಗಳು ಒಡೆದು ರಕ್ತಹೀನತೆಯಾಗಬಹುದು, ಮೂತ್ರ ಕಪ್ಪಾಗಬಹುದು.

ಎದೆ ತೆರೆಯದೆ ಮುಚ್ಚುವುದು ಹೇಗೆ?
ತೊಡೆಯ ಸಂದಿನಲ್ಲಿ ಚುಚ್ಚಿ, ರಕ್ತನಾಳದೊಳಗೆ ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ಕಳಿಸುತ್ತಾರೆ (ಜನ ನರ ಎನ್ನುವುದು ಈ ರಕ್ತನಾಳಕ್ಕೇ). ಎಕ್ಸ್-ರೇ ಮತ್ತು ಅನ್ನನಾಳದ ಮೂಲಕ ಮಾಡುವ ಎಕೋ ದಾರಿ ತೋರಿಸುತ್ತವೆ. ನಿಟಿನಾಲ್ ಎಂಬ ಲೋಹದ ತಂತಿಯಿಂದ ಹೆಣೆದ ಪ್ಲಗ್ ಕೊಳವೆಯೊಳಗೆ ಮಡಚಿಕೊಂಡು ಹೋಗಿ, ಸಂದಿಯಲ್ಲಿ ಅರಳಿ ಕೂರುತ್ತದೆ. ವಾಲ್ವಿನ ಅಂಚಿನ ಲೀಕನ್ನು ಕ್ಯಾತಿಟರ್ ಮೂಲಕ ಮುಚ್ಚಿದ ವರದಿ 1992ರಲ್ಲೇ ಬಂದಿದೆ. ಸವೆದ ಟಿಶ್ಯೂ ವಾಲ್ವಿನೊಳಗೆ ಹೊಸ ವಾಲ್ವನ್ನೂ ಇದೇ ದಾರಿಯಲ್ಲಿ ಕೂರಿಸಬಹುದು. ಲೋಹದ ವಾಲ್ವಿನೊಳಗೆ ಆಗುವುದಿಲ್ಲ.

ಎಲ್ಲರಿಗೂ ಆಗುತ್ತದೆಯೇ?
ಇಲ್ಲ. ಸೋಂಕು ಇನ್ನೂ ಇದ್ದರೆ ಅಥವಾ ಇಡೀ ವಾಲ್ವ್ ಅಲುಗಾಡುತ್ತಿದ್ದರೆ ಪ್ಲಗ್ ಹಾಕುವಂತಿಲ್ಲ. ಸಾಮಾನ್ಯವಾಗಿ ಮತ್ತೆ ಆಪರೇಷನ್ನೇ ದಾರಿ. ಕ್ಯಾತಿಟರ್ ಚಿಕಿತ್ಸೆಯಲ್ಲೂ ರಕ್ತಸ್ರಾವ, ಪಾರ್ಶ್ವವಾಯುವಿನ ಅಪಾಯ ಸ್ವಲ್ಪ ಇದ್ದೇ ಇದೆ. ಕೆಲವೊಮ್ಮೆ ಲೀಕ್ ಪೂರ್ತಿ ನಿಲ್ಲುವುದಿಲ್ಲ.

ಗದಗ ಜಿಲ್ಲೆಯವರು ಏನು ಮಾಡಬೇಕು?
ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ, ಎಲ್ಲಿ ಎಕೋ ಮಾಡಿಸಬೇಕೆಂದು ಕೇಳಿ. ಗದಗದ ಜಿಮ್ಸ್ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು. ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿ-ಧಾರವಾಡಕ್ಕೆ ಅಥವಾ ಜಯದೇವ ಹೃದ್ರೋಗ ಸಂಸ್ಥೆಯ ಬೆಂಗಳೂರು, ಮೈಸೂರು, ಕಲಬುರಗಿ ಆಸ್ಪತ್ರೆಗಳಿಗೆ ಕಳಿಸಬಹುದು. ಹಳೆಯ ಡಿಸ್ಚಾರ್ಜ್ ಕಾರ್ಡ್, ವಾಲ್ವಿನ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಈ ಚಿಕಿತ್ಸೆ ಸಿಗುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. 18 ವರ್ಷದೊಳಗಿನ ಮಕ್ಕಳಾದರೆ ಆರ್‌ಬಿಎಸ್‌ಕೆ ತಂಡವನ್ನೂ ವಿಚಾರಿಸಿ.

ನೆನಪಿಡಿ: ಲೀಕ್ ಎಂದು ಹೆದರಿ, ಅಥವಾ ಯಾವುದೋ ಮೆಸೇಜ್ ನಂಬಿ, ರಕ್ತ ತೆಳು ಮಾಡುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಲೋಹದ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.