ಸಿಪಾಯಿ ಡಾಕ್ಟರಾಗುವ ದಾರಿ

ಸಿಪಾಯಿಯಾಗಿ ಸೈನ್ಯ ಸೇರಿ, ಹತ್ತಾರು ವರ್ಷ ದುಡಿದು, ಅದೇ ಸೈನ್ಯದಲ್ಲಿ ವೈದ್ಯಾಧಿಕಾರಿಯಾಗಲು ಭಾರತದಲ್ಲಿ ಇವತ್ತು ನೇರ ದಾರಿ ಇಲ್ಲ. ಒಂದು ಕಾಲದಲ್ಲಿ ಮೆಟ್ಟಿಲೇನೋ ಇತ್ತು. ಗಾಯ ಕಟ್ಟುವ ಡ್ರೆಸರ್ ಆಗಿ ಸೇರಿದ ಹುಡುಗ ಆಸ್ಪತ್ರೆಯಲ್ಲೇ ಕೆಲಸ ಕಲಿತು, ಶಾಲೆಯಲ್ಲಿ ಓದಿ, ಪಲ್ಟನ್ನಿನ ರೋಗಿಗಳನ್ನು ನೋಡುವ ಮಟ್ಟಕ್ಕೆ ಏರಬಹುದಿತ್ತು. ಆದರೆ ಅಧಿಕಾರಿಗಳ ಬಾಗಿಲಿನ ಕೆಳಗೇ ಆ ಮೆಟ್ಟಿಲು ನಿಂತುಬಿಡುತ್ತಿತ್ತು. ದಕ್ಷಿಣದಲ್ಲಿ ಅದನ್ನು ಕಟ್ಟಿದ್ದು ಮದ್ರಾಸ್ ಸೈನ್ಯ. ಆ ಸೈನ್ಯ ಶ್ರೀರಂಗಪಟ್ಟಣಕ್ಕೆ ನಡೆದುಹೋದದ್ದು ಈಗಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನೆಲದ ಮೇಲೆ.

ಈ ನೆಲದಲ್ಲಿ ಸೈನ್ಯಗಳು ಗುಂಡಿಗಿಂತ ಜ್ವರಕ್ಕೆ ಹೆಚ್ಚು ಹೆದರುತ್ತಿದ್ದವು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಮಾಗಡಿ ಬಳಿಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿತು. ಬಂಡೆಯ ಸುತ್ತ ಬಿದಿರು, ಮುಳ್ಳುಪೊದೆಗಳ ದಟ್ಟ ಕಾಡು. ಜ್ವರಕ್ಕೆ ಹೆಸರಾದ ಜಾಗ. ಮುತ್ತಿಗೆ ಹಾಕಿದವರಲ್ಲಿ ಅರ್ಧ ಜನ ಕಾಯಿಲೆಯಿಂದ, ಉಳಿದರ್ಧ ಜನ ದಾಳಿಯಲ್ಲಿ ಸಾಯುತ್ತಾರೆಂದು ಟಿಪ್ಪು ಲೆಕ್ಕ ಹಾಕಿದ್ದನೆಂಬ ಮಾತು ಬ್ರಿಟಿಷ್ ಇತಿಹಾಸಕಾರರ ಬರಹದಲ್ಲಿದೆ. ಆ ಲೆಕ್ಕ ತಪ್ಪಿತು. ಎರಡು ವಾರದೊಳಗೆ, ಡಿಸೆಂಬರ್ 21ರಂದು, ದುರ್ಗ ಬಿತ್ತು. ರಾಮಗಿರಿ, ಶಿವನಗಿರಿಗಳೂ ಅದರ ಹಿಂದೆಯೇ ಹೋದವು. ಆಗ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರದ ಪಾಡು ಬೇರೆ. ಶತ್ರುವಿಗೆ ದವಸ, ಮೇವು, ನೆರಳು ಸಿಗಬಾರದೆಂದು ಟಿಪ್ಪುವಿನ ಕಡೆಯವರೇ ಆ ಊರನ್ನು ಎರಡು ಬಾರಿ ಹಾಳುಗೆಡವಿದರು. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸನ ದಂಡು ಮಳವಳ್ಳಿಗೆ ಹೋದದ್ದು ಆ ದಾರಿಯಲ್ಲೇ.

ಯುದ್ಧ ಮುಗಿದರೂ ಜ್ವರ ಮುಗಿಯಲಿಲ್ಲ. ಶ್ರೀರಂಗಪಟ್ಟಣದಲ್ಲಿ ಉಳಿದ ಇಂಗ್ಲಿಷ್ ಪಡೆ ಚಳಿಜ್ವರಕ್ಕೆ ನಲುಗಿತು. ದಂಡನ್ನು ಕೊನೆಗೆ ಬೆಂಗಳೂರಿಗೆ ಸಾಗಿಸಬೇಕಾಯಿತು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವಿನ ಹೆದ್ದಾರಿಗೆ ಭದ್ರತೆ ಬೇಕೆಂದು ದಿವಾನ್ ಪೂರ್ಣಯ್ಯ 1800ರಲ್ಲೇ ಒಂದು ಹೊಸ ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟಿದ್ದರು. ಆ ಕ್ಲೋಸ್‌ಪೇಟೆಯೇ ಇಂದಿನ ರಾಮನಗರ.

ಅದೇ ವರ್ಷ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳಿಗೆ ಹೊಂದುವ ಉಕ್ಕಿನ ತಂತಿ, ಬಿಳಿ ಸಕ್ಕರೆ, ಮಾಗಡಿ ಸುತ್ತಿನ ಕಬ್ಬಿಣದ ಕುಲುಮೆ ಎಲ್ಲವನ್ನೂ ಅವನು ಬರೆದಿಟ್ಟ. ಆ ಪ್ರವಾಸದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಾಗಿ ಬಂತು. ಎಡಿನ್‌ಬರೋದಲ್ಲಿ ಎಂ.ಡಿ. ಮುಗಿಸಿದ ಮೇಲೂ ಅವನು ಹಡಗುಗಳಲ್ಲಿ ವೈದ್ಯನಾಗಿ ಸುತ್ತಿ, 1794ರಲ್ಲಷ್ಟೇ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಗೆ ಬಂದವನು. ಹಡಗಿನಲ್ಲಿ ದುಡಿದು ಸೈನ್ಯದ ಸರ್ಜನ್ ಆಗುವ ಈ ಹಾದಿ ಬಿಳಿಯರ ಪಾಲಿನದು. ಸಿಪಾಯಿಗಳ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನಿಂತು ಕೆಲಸ ಮಾಡುತ್ತಿದ್ದವರು ಬೇರೆ: ದೇಶೀ ವೈದ್ಯರು, ಡ್ರೆಸರುಗಳು, ಕಾಂಪೌಂಡರುಗಳು. ಸರ್ಜನ್ ದಿನಕ್ಕೊಮ್ಮೆ ಬಂದು ನೋಡಿ ಹೋದರೆ, ರಾತ್ರಿ ಬೇಧಿ ಹಿಡಿದ ಸಿಪಾಯಿಯ ಪಕ್ಕದಲ್ಲಿ ಇರುತ್ತಿದ್ದವನು ಡ್ರೆಸರ್.

ಇಂಥವರಿಗೆ ಕ್ರಮವಾದ ಶಿಕ್ಷಣ ಕೊಡುವ ಯೋಚನೆ ಬಂದದ್ದು ದಯೆಯಿಂದಲ್ಲ, ಖರ್ಚಿನ ಲೆಕ್ಕದಿಂದ. ವಿಲಾಯತಿಯಿಂದ ಸರ್ಜನ್‌ರನ್ನು ತರಿಸುವುದು ದುಬಾರಿ. ಬಂದವರಲ್ಲೂ ಎಷ್ಟೋ ಮಂದಿ ಬೇಗ ಸಾಯುತ್ತಿದ್ದರು. ಬಂಗಾಳದಲ್ಲಿ 1812ರಲ್ಲಿ ಸೈನಿಕರ ಅನಾಥ ಮಕ್ಕಳನ್ನು ಆಸ್ಪತ್ರೆಗಳಲ್ಲಿ ಕಲಿಯಲು ಹಾಕಿದರು. 1822ರಲ್ಲಿ ಕಲ್ಕತ್ತೆಯಲ್ಲಿ ದೇಶೀ ವೈದ್ಯರ ಶಾಲೆ ತೆರೆದು ದೇಶಭಾಷೆಯಲ್ಲೇ ಪಾಠ ಹೇಳಿದರು. ಅದು 1835ರಲ್ಲಿ ಮುಚ್ಚಿತು. ಅದೇ ವರ್ಷ ಫೆಬ್ರುವರಿ 2ರಂದು ಮದ್ರಾಸಿನಲ್ಲಿ ವೈದ್ಯಕೀಯ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ ಇದ್ದವರು ಇಪ್ಪತ್ತೊಂದು ಜನ, ಎಲ್ಲರೂ ಸೈನ್ಯದ ಕೆಳದರ್ಜೆಯ ವೈದ್ಯಕೀಯ ಸೇವೆಗೆಂದೇ ಆರಿಸಿದವರು. ಇಂದಿನ ಮದ್ರಾಸ್ ಮೆಡಿಕಲ್ ಕಾಲೇಜಿನ ಬುಡ ಇದೇ. ಮೈಸೂರು ಸಂಸ್ಥಾನದವರು ಡಾಕ್ಟರಿ ಓದಲು ತಲೆಮಾರುಗಟ್ಟಲೆ ರೈಲು ಹತ್ತಿದ್ದು ಈ ಕಾಲೇಜಿಗೆ. ಅದರ ಮೂಲ ಉದ್ದೇಶ ಪಲ್ಟನ್ ಆಸ್ಪತ್ರೆಗೆ ಆಳು ಒದಗಿಸುವುದಾಗಿತ್ತು ಎಂಬುದನ್ನು ಆಮೇಲಿನವರು ಬಹುಮಟ್ಟಿಗೆ ಮರೆತರು.

ಅಲ್ಲಿಂದ ಮುಂದೆ ಸೇವೆ ಎರಡು ಕವಲಾಯಿತು. ಆಂಗ್ಲೋ-ಇಂಡಿಯನ್ನರು ಮತ್ತು ಇಲ್ಲಿ ನೆಲೆಸಿದ ಯುರೋಪಿಯನ್ನರ ಮಕ್ಕಳು ಗೋರಾ ಸೈನಿಕರ ಆಸ್ಪತ್ರೆಗಳಲ್ಲಿ ಅಪಾಥಿಕರಿಗಳಾದರು. ಮುಂದೆ ಅವರಿಗೆ ಮಿಲಿಟರಿ ಅಸಿಸ್ಟೆಂಟ್ ಸರ್ಜನ್ ಎಂಬ ಹೆಸರು ಬಂತು. ದೇಶೀಯರು ಸಿಪಾಯಿ ಪಲ್ಟನ್ನುಗಳಲ್ಲಿ ಹಾಸ್ಪಿಟಲ್ ಅಸಿಸ್ಟೆಂಟರಾದರು. 1910ರ ಹೊತ್ತಿಗೆ ಅವರು ಸಬ್ ಅಸಿಸ್ಟೆಂಟ್ ಸರ್ಜನ್ ಎನಿಸಿಕೊಂಡರು. ಎರಡೂ ಸೇರಿ ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್. ಅದರ ಮೇಲೆ, ಬೇರೆಯೇ ಮಹಡಿಯಲ್ಲಿ, ಇಂಡಿಯನ್ ಮೆಡಿಕಲ್ ಸರ್ವಿಸ್, ಅಂದರೆ ಐಎಂಎಸ್. 1855ರಿಂದ ಐಎಂಎಸ್ ಸೇರಲು ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಬರೆಯಬೇಕಿತ್ತು. ಮೊದಲ ವರ್ಷವೇ ಬಂಗಾಳದ ಸೂರ್ಯಕುಮಾರ ಚಕ್ರವರ್ತಿ ತೇರ್ಗಡೆಯಾದರು ನಿಜ. ಆದರೆ ಹಡಗಿನ ಖರ್ಚು, ವಿಲಾಯತಿಯ ಪದವಿ ಎರಡೂ ಪಲ್ಟನ್ನಿನ ಲೈನಿನಲ್ಲಿ ಹುಟ್ಟಿದ ಹುಡುಗನ ಕೈಗೆ ಎಟುಕುವಂಥವಲ್ಲ.

ಸಬ್ ಅಸಿಸ್ಟೆಂಟ್ ಸರ್ಜನ್‌ನ ಸ್ಥಾನವೇ ವಿಚಿತ್ರ. ಅವನು ಜಮಾದಾರ್, ಆಮೇಲೆ ಸುಬೇದಾರ್, ಅಪರೂಪಕ್ಕೆ ಸುಬೇದಾರ್ ಮೇಜರ್. ಸಿಪಾಯಿಗಳು ಅವನಿಗೆ ಸಲಾಮು ಹೊಡೆಯುತ್ತಿದ್ದರು, ಡಾಕ್ಟರ್ ಸಾಹೇಬ ಎನ್ನುತ್ತಿದ್ದರು. ಬೆಳಿಗ್ಗೆ ಕಾಯಿಲೆಯವರ ಸಾಲು ನೋಡುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಔಷಧಿ ದಾಸ್ತಾನಿನ ಪುಸ್ತಕ ಬರೆಯುವುದು, ಮಳೆಗಾಲದಲ್ಲಿ ಕ್ವಿನೈನ್ ಪರೇಡ್ ನಡೆಸುವುದು ಅವನ ದಿನಚರಿ. ಕ್ವಿನೈನ್ ಕಹಿಗೆ ಸಿಪಾಯಿಗಳು ಅದನ್ನು ದವಡೆಯಲ್ಲಿಟ್ಟುಕೊಂಡು ಹಿಂದೆ ಹೋಗಿ ಉಗುಳುವುದುಂಟು. ಆದ್ದರಿಂದ ಒಬ್ಬೊಬ್ಬನನ್ನೂ ಎದುರಿಗೆ ನಿಲ್ಲಿಸಿ, ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಮುಂದಿನವನನ್ನು ಕರೆಯಬೇಕು. ಇಪ್ಪತ್ತು ವರ್ಷ ಹೀಗೆ ದುಡಿದು ತಲೆ ನರೆತ ಸುಬೇದಾರನಿಗಿಂತ ನಿನ್ನೆ ಹಡಗಿಳಿದ ಲೆಫ್ಟಿನೆಂಟನೇ ದೊಡ್ಡವನು. ಜ್ವರದ ವಿಷಯದಲ್ಲಿ ಯಾರಿಗೆ ಹೆಚ್ಚು ಗೊತ್ತಿತ್ತು ಎಂಬುದು ದರ್ಜೆಯ ಪಟ್ಟಿಯಲ್ಲಿ ಕಾಣುವ ಸಂಗತಿಯಲ್ಲ.

ಮೇಲಿನ ಮಹಡಿಗೆ ದಾಟಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಹೆಸರಾದವರು ಹೆನ್ರಿ ಗಿಡ್ನಿ. ಇಗತ್ಪುರಿಯಲ್ಲಿ 1873ರಲ್ಲಿ ಹುಟ್ಟಿದ ಈ ಆಂಗ್ಲೋ-ಇಂಡಿಯನ್ ಕೆಳದರ್ಜೆಯ ವೈದ್ಯಕೀಯ ಸೇವೆಯಲ್ಲಿದ್ದು, ಬ್ರಿಟನ್ನಿಗೆ ಹೋಗಿ ಓದಿ, 1898ರಲ್ಲಿ ಐಎಂಎಸ್ ಸೇರಿದರು. ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾಗಿ ತಮ್ಮ ಸಮುದಾಯದ ನಾಯಕರಾದರು. ಅಸಿಸ್ಟೆಂಟ್ ಸರ್ಜನ್ ಕವಲಿನವರಿಗೆ ಇಂಥ ಆಸೆಯಾದರೂ ಇತ್ತು. ಸಿಪಾಯಿ ಪಲ್ಟನ್ನಿನ ಕವಲಿನವರಿಗೆ ಅದೂ ಇರಲಿಲ್ಲ.

ಸಂಸ್ಥಾನದ ಹಳ್ಳಿಗಾಡಿಗೆ ಇಂಗ್ಲಿಷ್ ಔಷಧಿ ಬಂದದ್ದು ಇದೇ ದರ್ಜೆಯ ವೈದ್ಯರ ಕೈಯಿಂದ. ತಾಲ್ಲೂಕು ಕಸಬೆಗಳ ಡಿಸ್ಪೆನ್ಸರಿಗಳನ್ನು ನಡೆಸುತ್ತಿದ್ದವರು ಹಾಸ್ಪಿಟಲ್ ಅಸಿಸ್ಟೆಂಟರು, ಆಮೇಲೆ ಸಬ್ ಅಸಿಸ್ಟೆಂಟ್ ಸರ್ಜನ್‌ರು. ಹುದ್ದೆಯ ಹೆಸರು, ದಾಸ್ತಾನಿನ ರಿಜಿಸ್ಟರು, ಡ್ರೆಸರ್, ಕಾಂಪೌಂಡರ್ ಎಲ್ಲವೂ ಪಲ್ಟನ್ ಆಸ್ಪತ್ರೆಯ ಅಚ್ಚು. ರೋಗಿ ಮನೆಯಿಂದ ಸೀಸೆ ತರಬೇಕು; ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಹೊರಗೆ ಅಂಟಿಸುತ್ತಿದ್ದ. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. 1930ರ ದಶಕದಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದು ನಡೆಯಿತು. ಕಾಯಿಲೆ ಬಂದ ಮೇಲೆ ಮದ್ದು ಕೊಡುವ ಬದಲು ನೀರು, ಪಾಯಿಖಾನೆ, ಸೊಳ್ಳೆಗಳ ಕಡೆ ನೋಡುವ ಪಾಠ ಈ ಸೀಮೆಗೆ ಬಂದದ್ದು ಹಾಗೆ.

ಮದ್ರಾಸಿಗೆ ಹೋಗುವ ತಾಪತ್ರಯ ತಪ್ಪಿಸಲು ಮೈಸೂರು ಸರ್ಕಾರ 1917ರಲ್ಲಿ ಬೆಂಗಳೂರಿನಲ್ಲೇ ಮೆಡಿಕಲ್ ಸ್ಕೂಲ್ ತೆರೆಯಿತು. ಅಲ್ಲಿ ಕೊಡುತ್ತಿದ್ದುದು ಲೈಸೆನ್ಷಿಯೇಟ್ ಮೆಡಿಕಲ್ ಪ್ರಾಕ್ಟಿಷನರ್, ಅಂದರೆ ಎಲ್‌ಎಂಪಿ ಡಿಪ್ಲೊಮಾ. 1924ರಲ್ಲಿ ಅದು ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ಎಲ್‌ಎಂಪಿ ಓದಿದವರು ವೃತ್ತಿಯಲ್ಲಿ ಡಾಕ್ಟರರೇ, ಸೈನ್ಯದ ಕಣ್ಣಿನಲ್ಲಿ ಮಾತ್ರ ಜಮಾದಾರರು. ಈ ಭೇದ ಎರಡನೆಯ ಮಹಾಯುದ್ಧದವರೆಗೆ ಅಲುಗಲಿಲ್ಲ.

ಯುದ್ಧಕ್ಕೆ ಡಾಕ್ಟರರು ಸಾಲದೆ ಹೋದಾಗ ಅಲುಗಿತು. 1943ರ ಏಪ್ರಿಲ್ 3ರಂದು ಐಎಂಎಸ್‌ನ ಸೈನಿಕ ಶಾಖೆ, ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಇಂಡಿಯನ್ ಹಾಸ್ಪಿಟಲ್ ಕೋರ್ ಮೂರನ್ನೂ ಸೇರಿಸಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಕಟ್ಟಿದರು. ಸರ್ಜನ್, ಸಬ್ ಅಸಿಸ್ಟೆಂಟ್ ಸರ್ಜನ್, ಸ್ಟ್ರೆಚರ್ ಹೊರುವವನು ಮೊದಲ ಬಾರಿಗೆ ಒಂದೇ ಕೋರಿನ ಬ್ಯಾಡ್ಜ್ ತೊಟ್ಟರು. ಅರ್ಹತೆಯಿದ್ದ ಲೈಸೆನ್ಷಿಯೇಟ್ ಡಾಕ್ಟರರಿಗೆ ಕಮಿಷನ್ ಸಿಗುವ ದಾರಿಯೂ ತೆರೆಯಿತು. ನೂರು ವರ್ಷ ಅರ್ಧಕ್ಕೆ ನಿಂತಿದ್ದ ಮೆಟ್ಟಿಲು ಮಹಡಿ ಮುಟ್ಟಿದ್ದು ಆಗಲೇ.

ಮುಟ್ಟಿದ ಹೊತ್ತಿನಲ್ಲೇ ಕೆಳಗಿನ ಮೆಟ್ಟಿಲುಗಳು ಹೋದವು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ದೇಶದಲ್ಲಿ ಎರಡು ದರ್ಜೆಯ ಡಾಕ್ಟರರು ಇರಬಾರದು, ಎಲ್‌ಎಂಪಿ ನಿಲ್ಲಬೇಕು, ಎಂಬಿಬಿಎಸ್ ಒಂದೇ ಇರಬೇಕು ಎಂದಿತು. ಹಳೆಯ ಲೈಸೆನ್ಷಿಯೇಟರು ಎಂಬಿಬಿಎಸ್ ಮುಗಿಸಿಕೊಳ್ಳಲು ಕಂಡೆನ್ಸ್‌ಡ್ ಕೋರ್ಸ್ ಏರ್ಪಾಟಾಯಿತು. ಶಿಫಾರಸು ನ್ಯಾಯವಾದದ್ದೇ, ಹಳ್ಳಿಯವನಿಗೆ ಅರ್ಧ ಡಾಕ್ಟರ್, ಪೇಟೆಯವನಿಗೆ ಪೂರ್ತಿ ಡಾಕ್ಟರ್ ಎಂಬ ಏರ್ಪಾಟನ್ನು ಸ್ವತಂತ್ರ ದೇಶ ಒಪ್ಪುವಂತಿರಲಿಲ್ಲ. ಆದರೆ ವಾರ್ಡಿನಲ್ಲಿ ಕೆಲಸ ಕಲಿತವನು ಮೇಲೇರಲು ಇದ್ದ ಏಕೈಕ ಹಂತವೂ ಅದರ ಜೊತೆಗೆ ಹೋಯಿತು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು 1948ರಲ್ಲಿ ಶುರುವಾಗಿ, 1962ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಅದು ಪಿಯುಸಿ ಮುಗಿಸಿದ ಮದುವೆಯಾಗದ ಎಳೆಯರ ಕಾಲೇಜು, ಸಿಪಾಯಿಗಳದ್ದಲ್ಲ.

ಈಗ ಕನಕಪುರ ಅಥವಾ ಮಾಗಡಿ ಕಡೆಯ ಹುಡುಗ ಸೈನ್ಯದ ವೈದ್ಯಕೀಯ ಕೆಲಸಕ್ಕೆ ಕೆಳಗಿನಿಂದ ಸೇರಬೇಕೆಂದರೆ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ಬರಹದ ಪರೀಕ್ಷೆ, ರ‍್ಯಾಲಿಯಲ್ಲಿ ಓಟ ದಾಟಬೇಕು, ತರಬೇತಿ ಲಖನೌದಲ್ಲಿ. ಹಿಮದ ಎತ್ತರದ ಠಾಣ್ಯಗಳಲ್ಲಿ ಬೆಟಾಲಿಯನ್ನಿನ ಡಾಕ್ಟರ್ ಕೆಳಗಿದ್ದು ಮೇಲಿನ ಪೋಸ್ಟಿನಲ್ಲಿ ಇವನೊಬ್ಬನೇ ಇರುವುದುಂಟು. ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ವೈರ್‌ಲೆಸ್ಸಿನಲ್ಲಿ ಡಾಕ್ಟರ್ ಹೇಳಿದಂತೆ ಚುಚ್ಚುಮದ್ದು ಕೊಡುವುದು ಇವನದೇ ಕೆಲಸ. ಚೆನ್ನಾಗಿ ಓದಿದರೆ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗಬಹುದು. ಮೆಡಿಕಲ್ ಕೋರಿನಲ್ಲೇ ನಾನ್-ಟೆಕ್ನಿಕಲ್ ಅಧಿಕಾರಿಯೂ ಆಗಬಹುದು. ಆಸ್ಪತ್ರೆಯ ಆಡಳಿತ, ಸರಬರಾಜು ನೋಡುವ ಹುದ್ದೆ ಅದು. ಭುಜಕ್ಕೆ ನಕ್ಷತ್ರ ಬರುತ್ತದೆ, ಸ್ಟೆತಸ್ಕೋಪ್ ಬರುವುದಿಲ್ಲ.

ಬೇರೆ ಕಡೆ ಈ ಬಾಗಿಲು ತೆರೆದದ್ದುಂಟು. ಅಮೆರಿಕದ ಸೈನ್ಯ 2014ರಿಂದ, ಆಯ್ದ ಸಿಪಾಯಿಗಳಿಗೆ ಸಂಬಳ ಕೊಡುತ್ತಲೇ ಎರಡು ವರ್ಷ ವಿಜ್ಞಾನ ಓದಿಸಿ ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಿದ್ಧಗೊಳಿಸುತ್ತಿದೆ. ಭಾರತದಲ್ಲಿ ಅಂಥದ್ದೊಂದು ಕಾರ್ಯಕ್ರಮ ಬರಬೇಕಾದರೆ ಮೊದಲು ವಯಸ್ಸಿನ ಮಿತಿಗಳನ್ನು ಕದಲಿಸಬೇಕು.

ಉಳಿದಿರುವುದು ಬಳಸು ದಾರಿ. ಹದಿನೈದು ವರ್ಷ ಸೇವೆ ಮುಗಿಸಿ ಪಿಂಚಣಿ ಪಡೆದ ಸಿಪಾಯಿಗೆ ಮೂವತ್ತೈದರ ಆಸುಪಾಸಿನ ವಯಸ್ಸು. ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿ 2022ರಲ್ಲಿ ಹೋದದ್ದರಿಂದ ಅವನು ಈಗ ಅದನ್ನು ಬರೆಯಬಹುದು. ಸೀಟು ಸಿಕ್ಕರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಹೌಸ್‌ಮನ್‌ಷಿಪ್. ಡಾಕ್ಟರಾಗಿ ಹೊರಬರುವಾಗ ನಲವತ್ತು ದಾಟಿರುತ್ತದೆ. ಆರ್ಮಿ ಮೆಡಿಕಲ್ ಕೋರಿನ ಶಾರ್ಟ್ ಸರ್ವಿಸ್ ಕಮಿಷನ್ನಿಗೆ ಎಂಬಿಬಿಎಸ್ ಆದವರಿಗೆ ಮೂವತ್ತು, ಸ್ನಾತಕೋತ್ತರರಿಗೆ ಮೂವತ್ತೈದು ವರ್ಷದ ಗಡಿ, ಹಾಗಾಗಿ ಸಮವಸ್ತ್ರಕ್ಕೆ ಮರಳುವಂತಿಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ 2003ರಲ್ಲಿ ಆರಂಭವಾದಾಗಿನಿಂದ ಅದರ ಪಾಲಿಕ್ಲಿನಿಕ್‌ಗಳು ಗುತ್ತಿಗೆಯ ಮೇಲೆ ವೈದ್ಯಾಧಿಕಾರಿಗಳನ್ನು ನೇಮಿಸಿಕೊಳ್ಳುತ್ತವೆ, ಮಾಜಿ ಸೈನಿಕರಿಗೆ ಆದ್ಯತೆಯೂ ಉಂಟು. ಹಳೆಯ ಪಲ್ಟನ್ನಿನವರಿಗೆ ಔಷಧಿ ಬರೆದುಕೊಡುವ ಕೆಲಸ ಅಂಥವನಿಗೆ ಸಿಗುವುದಾದರೆ ಅಲ್ಲಿ.