ಹಿಡಕಲ್ ಹಿನ್ನೀರಿನಲ್ಲಿ ಒಂದು ದಿನ

ನಮ್ಮ ಗೋಕಾವಿ ಸೀಮೆಯಲ್ಲಿ ಗುಡ್ಡಗಳುಂಟು, ಹೊಳೆಗಳುಂಟು. ಆದರೆ ಗುಡ್ಡಗಳ ಮಡಿಲಿನಲ್ಲಿ ತಾನಾಗಿ ನಿಂತ ದೊಡ್ಡ ಸರೋವರವಿಲ್ಲ. ಇಂದು ನಾವು ಕಾಣುವ ವಿಸ್ತಾರವಾದ ಜಲರಾಶಿಗಳೆಲ್ಲ ಮನುಷ್ಯನು ಹೊಳೆಗೆ ಅಡ್ಡಗಟ್ಟಿ ಮಾಡಿಕೊಂಡವು. ಅವುಗಳಲ್ಲಿ ಹಿರಿದು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ. ಕಳೆದ ಬೇಸಿಗೆಯಲ್ಲಿ ನಮ್ಮ ಹಿರಿಯರ ಬಳಗವು ಅಲ್ಲಿಗೆ ಒಂದು ದಿನದ ನಡಿಗೆಯನ್ನು ಇರಿಸಿಕೊಂಡಿತ್ತು. ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಯ ಹದಿನಾಲ್ಕು ಜನ. ಎಲ್ಲರಿಗಿಂತ ಚಿಕ್ಕವರಿಗೆ ಅರವತ್ತೆರಡು, ಹಿರಿಯರಿಗೆ ಎಂಬತ್ತೊಂದು. ಎರಡು ಕ್ರೂಸರ್ ಗಾಡಿ, ಹದಿನಾಲ್ಕು ಬುತ್ತಿಗಂಟು, ಮಂಡಿನೋವಿನ ಎಣ್ಣೆಯ ನಾಲ್ಕೈದು ಬಾಟಲಿ.

ಗುರಿಯಿದ್ದುದು ಹುನ್ನೂರಿನ ವಿಠ್ಠಲನ ಗುಡಿ. ಈ ಗುಡಿ ವರ್ಷದ ಹೆಚ್ಚಿನ ಕಾಲ ನೀರಿನಲ್ಲಿರುತ್ತದೆ. ಜಲಾಶಯದ ಮಟ್ಟ ಇಳಿಯುತ್ತ ಬಂದಂತೆ ಮೊದಲು ಶಿಖರ, ಆಮೇಲೆ ಗೋಡೆಗಳು ಕಾಣುತ್ತವೆ. ಮಳೆ ತಡವಾದ ವರ್ಷಗಳಲ್ಲಿ ಬುಡದವರೆಗೂ ಕಾಲ್ನಡಿಗೆಯಲ್ಲಿ ಹೋಗಬಹುದು. 2023ರ ಜೂನಿನಲ್ಲಿ ಹಾಗೆ ಪೂರ್ತಿ ತೆರೆದುಕೊಂಡಾಗ ದೂರದೂರದಿಂದ ಜನ ಜಾತ್ರೆಯಂತೆ ನೆರೆದಿದ್ದರು. ಇಷ್ಟು ವರ್ಷ ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿದರೂ ಕಲ್ಲುಗಳು ಕದಲಿಲ್ಲ.

ಈ ನೀರಿನ ಕಥೆಯನ್ನು ಹೇಳಬೇಕಾದರೆ ಹಿಡಕಲ್ಲಿನಿಂದ ಆರಂಭಿಸಲಾಗದು; ಕೆಳಗಡೆಯ ಧುಪದಾಳದಿಂದ ಆರಂಭಿಸಬೇಕು. 1876ರಿಂದ 1878ರವರೆಗಿನ ಬರಗಾಲವು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳನ್ನು ಬಡಿದು ಹಾಕಿತ್ತು. ಅನಂತರದ ದಶಕಗಳಲ್ಲಿ ಬರ ಬೀಳುವ ಪ್ರದೇಶಗಳಿಗೆ ಕಾಲುವೆ ತೋಡಬೇಕೆಂಬ ವಿಚಾರ ಸರಕಾರದಲ್ಲಿ ಬಲಗೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆಗೆ ಧುಪದಾಳದ ಬಳಿ ಒಡ್ಡು ಬಿದ್ದುದು ಆ ಕಾಲದ ಕೆಲಸ. ಒಡ್ಡಿನಿಂದ ಹೊರಟ ಕಾಲುವೆ ಅಂದು ಚಿಕ್ಕದು, ಗೋಕಾವಿಯ ಸುತ್ತಿನ ಕೆಲವು ಹಳ್ಳಿಗಳಿಗಷ್ಟೇ ನೀರು.

ಅದೇ ಹೊಳೆಯ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಧುಪದಾಳದಿಂದ ಕೆಳಗೆ ಘಟಪ್ರಭೆಯು ಕಲಾದಗಿ ಶ್ರೇಣಿಯ ಮರಳುಗಲ್ಲಿನ ಅಂಚಿನಿಂದ 52 ಮೀಟರು ಕೆಳಗೆ ಹಾರುತ್ತದೆಯಲ್ಲವೇ? ಆ ಬೀಳುವ ನೀರಿನ ಬಲವನ್ನು ನಂಬಿ 1885ರಲ್ಲಿ ಗಿರಣಿಯ ಕಂಪನಿ ಸ್ಥಾಪನೆಯಾಯಿತು. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿಯ ಅಪ್ಪ, ಅಜ್ಜಂದಿರು ಅಲ್ಲಿಯ ಪಾಳಿಯ ಭೋಂಗಾ ಕೇಳಿ ಎದ್ದವರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಭಾರತದ ಮೊಟ್ಟಮೊದಲ ವಿದ್ಯುತ್ತು 1887ರಲ್ಲಿ ನಮ್ಮ ಗೋಕಾವಿ ಫಾಲ್ಸಿನಲ್ಲಿಯೇ ಹುಟ್ಟಿತೆಂದು ಅಭಿಮಾನದಿಂದ ಬರೆಯುವುದುಂಟು. ಅಭಿಮಾನ ನನಗೂ ಇದೆ. ಆದರೆ ಒಂದು ಗಿರಣಿಯು ತನ್ನ ಯಂತ್ರಗಳಿಗಾಗಿ ನೀರಿನ ಬಲವನ್ನು ಬಳಸಿಕೊಳ್ಳುವುದು ಬೇರೆ, ಊರ ಬೀದಿಗೆ ದೀಪ ಹಚ್ಚುವುದು ಬೇರೆ. ಎರಡನೆಯದರಲ್ಲಿ ಹಿರಿತನ 1897ರ ಡಾರ್ಜಿಲಿಂಗಿನ ಸಿದ್ರಾಪೋಂಗಿಗೆ ಸಲ್ಲುತ್ತದೆ; ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಸಾಗಿಸಿದ ಹಿರಿಮೆ 1902ರ ಶಿವನಸಮುದ್ರಕ್ಕೆ. ನೀರಿನಿಂದ ನೂಲು ತೆಗೆದ ಕೀರ್ತಿಯೇನು ಸಣ್ಣದಲ್ಲ, ಅದನ್ನು ಇದ್ದಂತೆಯೇ ಹೇಳಿದರೆ ಸಾಕು. (ಹಾಗೆಯೇ 1982ರ ಗೋಕಾಕ್ ಚಳವಳಿಗೂ ನಮ್ಮ ಊರಿಗೂ ನೇರ ಸಂಬಂಧವಿಲ್ಲ, ಅದು ಡಾ. ವಿ. ಕೃ. ಗೋಕಾಕರ ವರದಿಯಿಂದ ಬಂದ ಹೆಸರು, ಅವರು ಹುಟ್ಟಿದ್ದು ಸವಣೂರಿನಲ್ಲಿ. ಇದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ.)

ಒಡ್ಡು ಬಿದ್ದರೂ ತೊಂದರೆ ತೀರಲಿಲ್ಲ. ಒಡ್ಡೆಂದರೆ ಹರಿವ ನೀರನ್ನು ಎತ್ತರಿಸಿ ಕಾಲುವೆಗೆ ತಿರುಗಿಸುವ ಸಾಧನ. ಬೇಸಿಗೆಗೆಂದು ಕೂಡಿಡುವ ಕಣಜವಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ 283 ಕಿಲೋಮೀಟರು ಹರಿಯುವ ಘಟಪ್ರಭೆಗೆ ನಾಲ್ಕು ತಿಂಗಳು ಸೊಕ್ಕು, ಮಿಕ್ಕ ತಿಂಗಳು ಬಡತನ. ಕಣಜ ಕಟ್ಟಬೇಕಾದರೆ ಮೇಲಕ್ಕೆ, ಗುಡ್ಡಗಳು ಹತ್ತಿರ ಸರಿಯುವ ಜಾಗಕ್ಕೆ ಹೋಗಬೇಕು. ಅದು ಸಿಕ್ಕಿದ್ದು ಹಿಡಕಲ್ಲಿನಲ್ಲಿ. 1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಯೋಜನೆ ಹಂತಹಂತವಾಗಿ ಬೆಳೆಯಿತು, 1977ರ ಹೊತ್ತಿಗೆ ಅಣೆಕಟ್ಟೆ ನಿಂತಿತು. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿಯವರ ಹೆಸರಿಟ್ಟಿದ್ದಾರೆ. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಗೆ ಧಾರಾಳವಾಗಿ ದಾನ ಮಾಡಿದ ಮಹನೀಯರು ಇವರೇ. ಬೆಳಗಾವಿಯ ಕಾನೂನು ಕಾಲೇಜಿಗೂ ಇವರದೇ ಹೆಸರು.

ಪತ್ರಿಕೆಗಳಲ್ಲಿ ‘ಹಿಡಕಲ್: ಗರಿಷ್ಠ ಮಟ್ಟ 2175 ಅಡಿ’ ಎಂದು ಓದಿ, ಅಷ್ಟು ಆಳವೇ ಎಂದು ಬೆರಗಾಗುವವರಿದ್ದಾರೆ. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ತುಂಬಿದಾಗ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಹತ್ತಿರ ಹತ್ತಿರ 2,830 ಕೋಟಿ ಲೀಟರು. ಐದು ಲಕ್ಷ ಜನರ ಒಂದು ನಗರದಲ್ಲಿ ತಲೆಗೆ ದಿನವೊಂದಕ್ಕೆ 135 ಲೀಟರು ಕೊಟ್ಟರೂ ಅದೊಂದೇ ಟಿಎಂಸಿ ವರ್ಷಕ್ಕೂ ಮಿಕ್ಕಿ ಬರುತ್ತದೆ. ಲೆಕ್ಕ ಹಾಕಿ ನೋಡಿರಿ. ಬೆಳಗಾವಿಯ ನಳಗಳಿಗೆ ರಕ್ಕಸಕೊಪ್ಪದ ಜೊತೆಗೆ ಹಿಡಕಲ್ಲಿನ ನೀರೂ ಹೋಗುತ್ತದೆ. ಹೆಚ್ಚಿನ ಪಾಲು ಹೊಲಗಳಿಗೆ: ಎಡದಂಡೆ ಕಾಲುವೆ 109 ಕಿಲೋಮೀಟರು, ಬಲದಂಡೆ ಕಾಲುವೆ 202 ಕಿಲೋಮೀಟರು, ಬೆಳಗಾವಿ ಬಾಗಲಕೋಟೆ ಜಿಲ್ಲೆಗಳಲ್ಲಿ ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ.

ಇಷ್ಟನ್ನು ಗಾಡಿಯಲ್ಲಿ ಹೇಳುತ್ತ ಹೋದೆ. ಘಟಪ್ರಭಾದಲ್ಲಿ ಚಹಾ ಆಯಿತು. 1929ರಲ್ಲಿ ಆರಂಭವಾದ ಅಲ್ಲಿಯ ಕರ್ನಾಟಕ ಆರೋಗ್ಯ ಧಾಮವನ್ನೂ ಸೇವಾದಳದ ನಾ. ಸು. ಹರ್ಡೀಕರರನ್ನೂ ನೆನೆದೆವು, ಅದು ಬೇರೊಂದು ಲೇಖನದ ವಿಷಯ.

ರಸ್ತೆ ಬಿಟ್ಟು ನೆಲಕ್ಕಿಳಿದಾಗ ಎಂಟೂವರೆ ಗಂಟೆ. ಮೊದಲಿಗೆ ಜಾಲಿಮುಳ್ಳಿನ ದಿಬ್ಬ, ಆಮೇಲೆ ಸೀಳುಸೀಳಾಗಿ ಒಣಗಿದ ಎರೆಮಣ್ಣು. ನೀರು ಈಚೆಗಷ್ಟೇ ಬಿಟ್ಟುಹೋದ ಕಡೆ ಮೇಲೆ ಗಟ್ಟಿ, ಕೆಳಗೆ ಅಂಬಲಿ. ಕೋಲೂರಿ ನೋಡಿ ಹೆಜ್ಜೆಯಿಡಬೇಕು. ನಮ್ಮ ಎಂಬತ್ತೊಂದರ ಹಿರಿಯರು ಎಲ್ಲರಿಗಿಂತ ಮುಂದಿದ್ದರು. ಅವರು ಹುಕ್ಕೇರಿಯವರು, ಗುಮ್ಮಟಗಳ ನೆರಳಿನಲ್ಲಿ ಆಡಿ ಬೆಳೆದವರು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದಾಗಿನ ಸಂಭ್ರಮವನ್ನು ಕಂಡವರು. ದೇಶದಲ್ಲಿ ಅಂಥವು ಮೊದಲಿಗೆ ಆರಂಭವಾದದ್ದು ಐದೇ, ಅವುಗಳಲ್ಲಿ ನಮ್ಮದೊಂದು ಎಂದು ದಾರಿಯುದ್ದಕ್ಕೂ ಎರಡು ಸಲ ಹೇಳಿದರು.

ನಡೆಯುತ್ತ ಹೋದಂತೆ ಕಾಲಡಿಯಲ್ಲಿ ಊರು ಕಾಣತೊಡಗಿತು. ಸಾಲು ಹಿಡಿದ ಕಲ್ಲುಗಳೆಂದರೆ ಮನೆಯ ಪಾಯ. ದುಂಡಗೆ ಹೂತುಹೋದದ್ದು ಬಾವಿ. ಅರ್ಧ ಬೀಸುಗಲ್ಲು ಒಂದು ಕಡೆ ಮಣ್ಣು ಕಚ್ಚಿ ಮಲಗಿತ್ತು.

ನಮ್ಮ ಜೊತೆಯಲ್ಲಿ ಮೂಡಲಗಿ ಕಡೆಯ ಹಿರಿಯಕ್ಕ ಒಬ್ಬರಿದ್ದರು. ಎಪ್ಪತ್ತು ದಾಟಿದ್ದಾರೆ. ಇಲ್ಲಿ ಮುಳುಗಿದ ಊರೊಂದು ಅವರ ತವರೆಂಬುದು ನಮಗೆ ಅಂದಿನವರೆಗೆ ತಿಳಿದಿರಲಿಲ್ಲ. ಅವರು ತಟ್ಟನೆ ನಿಂತು ಕೈ ತೋರಿಸಿದರು.

“ಸರ, ಆ ದಿನ್ನಿ ಆಚೆಕಡೆ ನಮ್ಮೂರ್ರೀ. ನಮ್ಮಪ್ಪ ಬಡಿಗ್ಯಾ. ಹೊಲ ಇರಲಿಲ್ಲ ನಮಗ.”

ಈ ಕೊನೆಯ ಮಾತಿನಲ್ಲಿ ಒಂದು ದೊಡ್ಡ ಇತಿಹಾಸವೇ ಅಡಗಿದೆ. ಹಳ್ಳಿಯ ಬಡಿಗನು ಆಯಗಾರ. ವರ್ಷವಿಡೀ ರಂಟೆ, ಕುಂಟೆ, ಕೂರಿಗೆಗಳನ್ನು ಮಾಡಿ, ಮುರಿದದ್ದನ್ನು ಕೂಡಿಸಿ ಕೊಡುತ್ತಾನೆ. ಸುಗ್ಗಿಯಲ್ಲಿ ಪ್ರತಿಯೊಂದು ಕಣದಿಂದ ಅವನಿಗೆ ಕಾಳಿನ ಆಯ ಬರುತ್ತದೆ. ಕಂಬಾರ, ಕುಂಬಾರ, ಮಡಿವಾಳ, ಹಡಪದ ಎಲ್ಲರದೂ ಇದೇ ಕ್ರಮ. ಅವನ ಆಸ್ತಿ ಎಂದರೆ ನೆಲವಲ್ಲ, ಇಡೀ ಊರು. ಅಣೆಕಟ್ಟೆ ಕಟ್ಟಿದ ಕಾಲಕ್ಕೆ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಅದು ನೆಲಕ್ಕೆ, ಮನೆಗೆ, ಗಿಡಮರಕ್ಕೆ ಬೆಲೆ ಕಟ್ಟುತ್ತಿತ್ತು. ಆಯಕ್ಕೆ ಬೆಲೆ ಕಟ್ಟುವ ಕಲಮು ಅದರಲ್ಲಿರಲಿಲ್ಲ. ಹೊಲವಿದ್ದವರು ಹಣ ಪಡೆದು ಬೇರೆ ಬೇರೆ ಊರುಗಳಿಗೆ ಚದರಿದಾಗ ಬಡಿಗನ ಆಸ್ತಿಯೂ ಅವರೊಡನೆ ಚದರಿಹೋಯಿತು. ನೆಲವಿಲ್ಲದ ಕೂಲಿಕಾರ, ಗೇಣಿದಾರ, ಕುಶಲಕರ್ಮಿಗಳನ್ನೂ ‘ಬಾಧಿತ ಕುಟುಂಬ’ವೆಂದು ಎಣಿಸುವ ಕೇಂದ್ರದ ಕಾಯಿದೆ ಬಂದದ್ದು 2013ರಲ್ಲಿ. ಅಕ್ಕನ ತಂದೆಗೆ ಸಿಕ್ಕಿದ್ದು ಎರಡು ಅಂಕಣದ ಮಣ್ಣಿನ ಮನೆಯ ಪರಿಹಾರ. ಅದನ್ನು ಹಿಡಿದು ಅವರು ಪೇಟೆ ಸೇರಿದರು, ಮತ್ತೊಬ್ಬರ ಅಂಗಡಿಯಲ್ಲಿ ದಿನಗೂಲಿಗೆ ಬಾಗಿಲು ಚೌಕಟ್ಟು ಕೊರೆದರು.

ಅಕ್ಕನನ್ನು ಕೊಟ್ಟದ್ದು ಮೂಡಲಗಿ ಸೀಮೆಗೆ. ಎಡದಂಡೆ ಕಾಲುವೆಯ ನೀರುಣ್ಣುವ ಸೀಮೆ ಅದು. ಮದುವೆಯಾಗಿ ಹೋದಾಗ ಗಂಡನ ಮನೆಯ ನಾಲ್ಕೂರೆಕರೆಯಲ್ಲಿ ಬಿಳಿಜೋಳವಿತ್ತು. ಈಗ ಕಬ್ಬು, ಗೋವಿನಜೋಳ. ಆ ನೀರಿನಲ್ಲಿಯೇ ಮಕ್ಕಳು ಓದಿದರು, ಒಬ್ಬಳು ಮೊಮ್ಮಗಳು ಎಂಜಿನಿಯರ್ ಆದಳು.

“ತವರಮನಿ ಮುಳುಗಿಸಿದ ನೀರ ಗಂಡನ ಮನಿ ಎಬ್ಬಿಸ್ತ್ರೀ ಸರ. ಯಾರನ್ನ ಬೈಯಾಕ ಬರ್ತೈತಿ?” ಎಂದರು.

ಉತ್ತರ ಹೇಳಲು ಯಾರೂ ಮುಂದಾಗಲಿಲ್ಲ. ಆದರೆ ನನಗನಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಅಣೆಕಟ್ಟೆ ಬೇಡವಾಗಿತ್ತೆಂದು ನಾನು ಹೇಳಲಾರೆ. ಬರದ ನೆನಪಿರುವ ಸೀಮೆಯಲ್ಲಿ ಹಾಗೆ ಹೇಳುವುದು ಸುಳ್ಳಾಡಿದಂತೆ. ಆದರೆ ನಾವು ಶಾಲೆಯಲ್ಲಿ ಹಿಡಕಲ್ಲನ್ನು ಕಲಿಸಿದ ಬಗೆಯಲ್ಲಿ ಎಷ್ಟು ಟಿಎಂಸಿ, ಎಷ್ಟು ಹೆಕ್ಟೇರು ಎಂಬುದಿತ್ತು. ಆ ಪುಸ್ತಕಗಳಲ್ಲಿ ಮುಳುಗಿದ ಊರುಗಳ ಹೆಸರುಗಳಿರಲಿಲ್ಲ. ಅಕ್ಕನಿಗೆ ಅಂಥ ಭಾಗ್ಯವಾದರೂ ಒದಗಿತು. ಬಲಕ್ಕೂ ಎಡಕ್ಕೂ ಸೇರದ ಪೇಟೆಯ ಓಣಿಯಲ್ಲಿ ತೀರಿಕೊಂಡ ಅವರ ತಂದೆಗೆ ಕಾಲುವೆಯ ಒಂದು ಕೊಡ ನೀರೂ ಸಿಗಲಿಲ್ಲ.

ಹೊತ್ತೇರುವ ಮುನ್ನ ಗುಡಿ ತಲುಪಿದೆವು. ಗೋಡೆಯ ಮೇಲೆ ನೀರು ನಿಂತ ಗೆರೆಗಳು ಒಂದರ ಮೇಲೊಂದು ಬರೆದಂತೆ ಇದ್ದವು. ಒಳಗೆ ಮಣ್ಣಿನ ವಾಸನೆ. ಯಾರೋ ಆಗಲೇ ಬುಕ್ಕಿಟ್ಟು ಎರಚಿ ಊದಿನಕಡ್ಡಿ ಹಚ್ಚಿ ಹೋಗಿದ್ದರು. ವಿಠ್ಠಲನನ್ನು ಮರಾಠಿ ಸಂತರೇ ಕನ್ನಡದ ದೇವರೆಂದು ಕರೆದುದುಂಟು. ಈ ಗಡಿಸೀಮೆಯಲ್ಲಿ ಅವನು ಎರಡೂ ಭಾಷೆಯವನು. ಪಂಢರಪುರದಲ್ಲಿ ಆಷಾಢ ಏಕಾದಶಿಗೆ ಲಕ್ಷಾಂತರ ವಾರಕರಿಗಳು ನೆರೆಯುವ ಹೊತ್ತಿಗೆ ಸಹ್ಯಾದ್ರಿಯಲ್ಲಿ ಮಳೆ ಹಿಡಿದು ಇಲ್ಲಿಯ ವಿಠ್ಠಲನ ಮನೆಗೆ ನೀರು ಬರತೊಡಗುತ್ತದೆ. ಅಕ್ಕ ಹೊಸಿಲಿನ ಮೇಲಿನ ಕೆಸರನ್ನು ಸೆರಗಿನ ತುದಿಯಿಂದ ಒರೆಸಿ ಕೈಮುಗಿದರು.

ಗುಡಿಯ ನೆರಳಿನಲ್ಲಿಯೇ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಕೊನೆಗೆ ಗೋಕಾವಿಯವರ ಕಡೆಯಿಂದ ಕರದಂಟು, ಹಲ್ಲಿದ್ದವರಿಗೆ. ಊಟದ ಮೇಲೆ ಮಾತು 2019ರ ಆಗಸ್ಟಿಗೆ ಹೊರಳಿತು. ಆ ಸಲ ಇದೇ ಹೊಳೆ ಗೋಕಾವಿಯ ಪೇಟೆಗೆ ನುಗ್ಗಿ, ಲೋಳಸೂರ ಸೇತುವೆಯನ್ನು ಮುಳುಗಿಸಿತ್ತು. ಅಕ್ಟೋಬರಿನಲ್ಲಿ ಮಲ್ಲಿಕಾರ್ಜುನ ಗುಡ್ಡದ ಮೇಲಿನ ಬಂಡೆಗಳು ಜಾರುವ ಭಯದಿಂದ ಕೆಳಗಿನ ಓಣಿಗಳ ಜನ ನಿದ್ದೆಗೆಟ್ಟಿದ್ದರು. ನಮ್ಮಲ್ಲಿ ಮೂವರ ಮನೆಗೆ ನೀರು ಹೊಕ್ಕಿತ್ತು. ಅವರಲ್ಲೊಬ್ಬರು, ಮನೆಯ ಹಳೆಯ ಪಟಗಳೆಲ್ಲ ಆ ನೀರಿನಲ್ಲಿ ಹೋದವೆಂದು ಹೇಳಿದಾಗ, ಅಕ್ಕ, “ನಿಮಗ ಮನಿ ಐತಲ್ರೀ ಅಣ್ಣಾರ, ನಮಗ ಪಟಾನೂ ಇರಲಿಲ್ಲ” ಎಂದು ನಕ್ಕರು. ಆ ನಗೆಗೆ ಎಲ್ಲರೂ ನಕ್ಕೆವು.

ಮರಳುವಾಗ ಬಿಸಿಲು ಜೋರಾಗಿ ಇಬ್ಬರಿಗೆ ಬವಳಿ ಬಂದಂತಾಯಿತು. ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ, ಕುರಿ ಮೇಯಿಸುತ್ತಿದ್ದ ಹುಡುಗನ ಛತ್ರಿಯನ್ನು ಕಡ ಪಡೆದು, ಗಾಡಿಯವರೆಗೆ ಕರೆತಂದೆವು. ಹುಡುಗನು ಛತ್ರಿಗಾಗಿ ಹಿಂದೆಯೇ ಬಂದ. ಅವನ ಊರು ಕೇಳಿದಾಗ ಅಕ್ಕನ ಊರಿನ ಹೆಸರನ್ನೇ ಹೇಳಿದ. ಮೇಲಿನ ನೆಲದಲ್ಲಿ ಕಟ್ಟಿಕೊಂಡ ಹೊಸ ಊರು. ಕೆಳಗಿದ್ದ ಹಳೆಯದರ ವಿಷಯ ಅವನಿಗೆ ಅಜ್ಜಿ ಹೇಳಿದಷ್ಟು ಗೊತ್ತಿತ್ತು. ಅಕ್ಕ ಅವನಿಂದ ಅಜ್ಜಿಯ ಹೆಸರು ಕೇಳಿಕೊಂಡರು, ತಮ್ಮ ಮೊಬೈಲ್ ನಂಬರನ್ನು ನನ್ನಿಂದ ಚೀಟಿಯಲ್ಲಿ ಬರೆಸಿ ಅವನ ಕಿಸೆಗೆ ಇಟ್ಟರು. ನಾಲ್ಕು ದಿನದ ಮೇಲೆ ಅಜ್ಜಿಯಿಂದ ಕರೆ ಬಂದಿತಂತೆ. ಇಬ್ಬರೂ ಒಂದೇ ಬಾವಿಯ ನೀರು ಸೇದಿದವರು.

ಮುಂದಿನ ನಡಿಗೆ ಡಿಸೆಂಬರಿನಲ್ಲಿ ಧುಪದಾಳಕ್ಕೆ. ಅಲ್ಲಿಯ ಹಿನ್ನೀರು 1974ರಿಂದ ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ದೂರದೇಶದ ಬಿಳಿ ಕೊಕ್ಕರೆಗಳು ಬಂದಿಳಿಯುತ್ತವೆ. ಅಕ್ಕ ಆಗಲೇ ತಮ್ಮ ಬಾವಿಯ ಗೆಳತಿಯನ್ನೂ ಕರೆತರುವುದಾಗಿ ತಿಳಿಸಿದ್ದಾರೆ. ಬರುವ ಉಳಿದವರು ಬುತ್ತಿ, ನೀರು, ಕೋಲುಗಳೊಡನೆ ಬೆಳಿಗ್ಗೆ ಏಳಕ್ಕೆ ಗೋಕಾವಿಯ ಬಸ್ ನಿಲ್ದಾಣದ ಮುಂದೆ ಸೇರಬೇಕು.