ಆಮ್ಲಮಳೆ

ಆಮ್ಲಮಳೆ (ನಾ.): ಹೊಗೆಯಿಂದ ಹುಳಿಯೇರಿದ ಮಳೆ. ಹುಳಿ ಎಂಬರ್ಥದ ಸಂಸ್ಕೃತದ ‘ಅಮ್ಲ’ದಿಂದ ಬಂದ ‘ಆಮ್ಲ’ಕ್ಕೆ ಕನ್ನಡದ ‘ಮಳೆ’ ಸೇರಿದೆ. ಹಳೆಯ ವ್ಯಾಕರಣದ ಲೆಕ್ಕದಲ್ಲಿ ಅರಿಸಮಾಸ. ಮಡಿವಂತರಿಗೆ ‘ಆಮ್ಲವೃಷ್ಟಿ’ ಇದೆ. ಮೂಲ ಇಂಗ್ಲಿಷ್ ಪದವನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1872ರ ತಮ್ಮ ಪುಸ್ತಕದಲ್ಲಿ ಬಳಸಿದರು.

ಗಂಧಕ, ಸಾರಜನಕದ ಆಕ್ಸೈಡುಗಳು ಮೋಡದ ನೀರಿನಲ್ಲಿ ಬೆರೆತು ಆಮ್ಲವಾಗುತ್ತವೆ. ಶುದ್ಧ ಮಳೆಯ ಪಿಎಚ್ ಸುಮಾರು 5.6, ಅದಕ್ಕಿಂತ ಇಳಿದರೆ ಈ ಹೆಸರು. ಕೆರೆಯ ಪಿಎಚ್ 5ಕ್ಕೆ ಇಳಿದರೆ ಹೆಚ್ಚಿನ ಮೀನುಗಳ ಮೊಟ್ಟೆ ಮರಿಯಾಗುವುದಿಲ್ಲ.

ಬಳಸುವಾಗ ಎಚ್ಚರ: ಕೆರೆ ಕೆಟ್ಟಲ್ಲೆಲ್ಲ ಆಮ್ಲಮಳೆಯೇ ಕಾರಣವಲ್ಲ. ಹೈದರಾಬಾದಿನ ಜೀಡಿಮೆಟ್ಲಾದ ಫಾಕ್ಸ್ ಸಾಗರವನ್ನು ಕಾಡುವುದು ಚರಂಡಿ ನೀರು, ಕಾರ್ಖಾನೆಗಳ ಕೊಳಚೆ. ಭಾರತದ ಬಹುಭಾಗದಲ್ಲಿ ಮಣ್ಣಿನ ಸುಣ್ಣದಂಶದ ಧೂಳೇ ಮಳೆಯ ಹುಳಿಯನ್ನು ಸಾಕಷ್ಟು ಮುರಿಯುತ್ತದೆ.